ಹೊರಊರಿನ ಡಿಫೆಂಡರ್

ಭಾನುವಾರ ಬೆಳಿಗ್ಗೆ ಹಡಗಲಿಯ ಹಿಟ್ಟಿನ ಗಿರಣಿಯ ಪಕ್ಕದ ಎಸ್‌ಟಿಡಿ ಬೂತಿಗೆ ಕೂಡ್ಲಿಗಿಯಿಂದ ಒಂದು ಫೋನು ಬಂತು. ಆ ಫೋನು ಬರದೇ ಇದ್ದಿದ್ದರೆ ಗಿರಣಿಯ ಹುಲುಗಣ್ಣ ಜೋಳ ಬೀಸಿ, ಉಂಡು, ಒಂದು ನಿದ್ದೆ ತೆಗೆದು, ತನ್ನ ಪಾಡಿಗೆ ತಾನು ಇರುತ್ತಿದ್ದ.

ಫೋನು ಮಾಡಿದವರು ಗೊಬ್ಬರದ ಅಂಗಡಿಯ ಶಿವಯೋಗಪ್ಪ, ಕೂಡ್ಲಿಗಿ ಫುಟ್‌ಬಾಲ್ ತಂಡದ ಹೊಸ ಮ್ಯಾನೇಜರು. "ಹುಲುಗಣ್ಣಾರ, ಇವತ್ತು ಹರಪನಹಳ್ಳ್ಯಾಗ ಫೈನಲ್ ಐತ್ರಿ. ನಮ್ಮ ಡಿಫೆಂಡರು ಜ್ವರ ಬಂದು ಮಲಗ್ಯಾನ. ನೀವು ಬಂದು ನಮ್ಮ ಕಡಿಂದ ಆಡಬೇಕು."

ಅವರ ಮಾತು ಮುಗಿಯುವ ಮೊದಲೇ ಹುಲುಗಣ್ಣ "ಬರ್ತೀನ್ರಿ" ಎಂದುಬಿಟ್ಟ. ಅದಕ್ಕೆ ಕಾರಣವಿತ್ತು. ಅವನು ಹುಟ್ಟಿದ್ದು ಕೂಡ್ಲಿಗಿಯಲ್ಲಿ, ಚೆಂಡು ಒದೆಯಲು ಕಲಿತದ್ದು ಕೂಡ್ಲಿಗಿಯಲ್ಲಿ. ಆದರೆ ಕೂಡ್ಲಿಗಿ ತಂಡ ಅವನನ್ನು ಒಂದು ದಿನವೂ ಮೈದಾನಕ್ಕೆ ಇಳಿಸಿರಲಿಲ್ಲ. ಮದುವೆಯಾಗಿ ಹಡಗಲಿಗೆ ಬಂದು ಮಾವನ ಗಿರಣಿ ಹಿಡಿದ ಮೇಲೆ ಎಲ್ಲ ಊರಿಗೂ ಅವನು ಬೇಕಾದ. ಕೊಟ್ಟೂರಿನವರು ಕರೆದರು, ಬಿಟ್ಟರು. ಹಗರಿಬೊಮ್ಮನಹಳ್ಳಿಯವರು ಕರೆದರು, ಬಿಟ್ಟರು. ಹಡಗಲಿಯವರು ಮಾತ್ರ ತಂಡ ಕಟ್ಟಿದ ಪ್ರತಿ ವರ್ಷವೂ ಅವನನ್ನು ಇಟ್ಟುಕೊಂಡರು. ಎಲ್ಲರ ಅಂಗಿ ತೊಟ್ಟ ಹುಲುಗಣ್ಣ ಮೂವತ್ತಾರಕ್ಕೆ ಬಂದಿದ್ದ, ತನ್ನೂರಿನ ಅಂಗಿ ಮಾತ್ರ ತೊಟ್ಟಿರಲಿಲ್ಲ. ಸಾಯುವುದರೊಳಗೆ ಒಮ್ಮೆ ತೊಡಬೇಕು ಎಂಬುದೊಂದೇ ಆಸೆ ಅವನಲ್ಲಿ ಉಳಿದಿತ್ತು.

ಹೆಂಡತಿ ಗೀತಮ್ಮ ಬಾಗಿಲಲ್ಲಿ ನಿಂತು, "ನಿಮ್ಮ ಮಣಕಾಲಿಗೊಂದು ಮಾತು ಕೇಳಿ ಹೋಗ್ರಿ" ಎಂದಳು. ಅವನು ಕೇಳಲಿಲ್ಲ. ಕೇಳಿದ್ದರೆ ಮಣಕಾಲು ಬೇಡವೆನ್ನುತ್ತಿತ್ತು.

ಹರಪನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಶಿವಯೋಗಪ್ಪನವರೇ ಕಾದಿದ್ದರು. ಅವನ ಚೀಲ ತಾವೇ ಹೊತ್ತರು. ಚಹಾ ಕುಡಿಸಿದರು, ಮಂಡಕ್ಕಿ ಮಿರ್ಚಿ ತಿನ್ನಿಸಿದರು, ಮೈದಾನದಲ್ಲಿ ಕುರ್ಚಿ ಹಾಕಿಸಿ ಕೂಡಿಸಿದರು. ತಂಡದ ಉಳಿದವರೆಲ್ಲ ನೆಲದ ಮೇಲಿದ್ದರು. ಹೊಸ ಅಳಿಯನಿಗೂ ಇಷ್ಟು ಉಪಚಾರ ನಡೆಯುವುದಿಲ್ಲ. ಊರು ಕೊನೆಗೂ ನನ್ನನ್ನು ಗುರುತಿಸಿತು ಎಂದು ಹುಲುಗಣ್ಣ ಒಳಗೊಳಗೇ ಕರಗಿಹೋದ.

ಕೈಗೆ ಬಂದ ಅಂಗಿ ಕೆಂಪಗಿತ್ತು. ಆ ವರ್ಷ ಪೋರ್ಚುಗಲ್‌ನಲ್ಲಿ ಯುರೋಪಿನ ಕಪ್ ನಡೆದಿತ್ತು, ದಾವಣಗೆರೆಯ ಅಂಗಡಿಗಳ ತುಂಬ ಆ ದೇಶದ್ದೇ ಅಂಗಿ. ಅದನ್ನು ಕೊಂಡ ತಪ್ಪಿಗೆ ಕೂಡ್ಲಿಗಿ ಮೈಕಿನಲ್ಲಿ ಪೋರ್ಚುಗಲ್ ಆಗಿತ್ತು, ಹಳದಿ ಅಂಗಿಯ ಹರಪನಹಳ್ಳಿ ಬ್ರೆಜಿಲ್. ಹೀಗೆಯೇ ಹಿಂದೆ ಕೊಟ್ಟೂರಿನಲ್ಲಿ ಇಟಲಿಯವನಾಗಿ, ಬೊಮ್ಮನಹಳ್ಳಿಯಲ್ಲಿ ಜರ್ಮನಿಯವನಾಗಿ ಹುಲುಗಣ್ಣ ಪಾಸ್‌ಪೋರ್ಟ್ ಇಲ್ಲದೆ ದೇಶ ತಿರುಗಿದ್ದ. ಪೋರ್ಚುಗಲ್ಲಿನ ಅಂಗಿ ತೊಟ್ಟಾಗ ಮಾತ್ರ ಮನೆಗೆ ಬಂದ ಹಾಗಾಯಿತು.

ಅಷ್ಟರಲ್ಲಿ ಮೈಕು ಹಿಡಿದಿದ್ದ ವೀರಭದ್ರಯ್ಯ, ಪಂದ್ಯ ಏರ್ಪಡಿಸಿದವರು, ತಕರಾರು ತೆಗೆದರು. "ಪೋರ್ಚುಗಲ್ ತಂಡದವ್ರು ಕೇಳ್ರಿ. ಒಂದು ಟೀಮಿಗೆ ಹೊರಊರಿನಾಂವ ಒಬ್ಬನೇ ಅಂತ ರೂಲ್ ಐತಿ. ನಿಮಗ ಹೊಸಪೇಟಿ ಗೋಲ್‌ಕೀಪರ್ ಅದಾನ. ಈ ಹಡಗಲಿ ಹುಲುಗಣ್ಣ ಎರಡನೇದವ."

ಶಿವಯೋಗಪ್ಪ ಕ್ಷಣವೂ ಯೋಚಿಸಲಿಲ್ಲ. "ಗೋಲ್‌ಕೀಪರ್‌ನ್ನ ಹೊರಗ ಕೂಡಿಸ್ತೀವಿ. ನಮಗ ಇವರು ಬೇಕು."

ತನಗಾಗಿ ಗೋಲ್‌ಕೀಪರನನ್ನೇ ಬಿಡುವ ಊರು. ಹುಲುಗಣ್ಣನ ಕಣ್ಣು ತುಂಬಿತು. "ಯಾರನ್ನೂ ಕೂಡಿಸಬ್ಯಾಡ್ರಿ. ನಾನು ಹೊರಗಿನಾಂವಲ್ಲ. ನನ್ನ ಮೂಲ ಊರು ಕೂಡ್ಲಿಗಿನ."

ಶಿವಯೋಗಪ್ಪ ಅವನತ್ತ ನೋಡಿ ಒಂದು ಕಣ್ಣು ಮಿಟುಕಿಸಿ, ಮೆಲ್ಲಗೆ, "ಭೇಷ್, ಹಂಗs ಹೇಳ್ರಿ" ಎಂದರು. ಕಣ್ಣಿಗೆ ಧೂಳು ಬಿದ್ದಿರಬೇಕೆಂದು ಹುಲುಗಣ್ಣ ತಿಳಿದ.

ಜನ ನಗತೊಡಗಿದರು. ಕೊಟ್ಟೂರಿನವನೊಬ್ಬ, "ಅಂವ ನಮ್ಮೂರಾಂವ್ರೀ, ನಮ್ಮ ಮನ್ಯಾಗ ಉಂಡಾನ" ಎಂದ. ಬೊಮ್ಮನಹಳ್ಳಿಯವರು ತಮ್ಮವನೆಂದರು. ಹಡಗಲಿ ತಂಡದ ನಾಯಕ ಮೌನೇಶ್ ಆಟ ನೋಡಲು ಜೀಪು ಮಾಡಿಕೊಂಡು ಬಂದಿದ್ದ, ಅವನೂ ಎದ್ದು ನಿಂತ. "ಏನಣ್ಣ ಇದು? ಬರೋ ವರ್ಷ ಟೀಮು ಕಟ್ಟಿ ನಿನ್ನ ಕೈಗೆ ಕೊಡಬೇಕಂತ ಮಾಡೀವಿ. ನೀ ನಮ್ಮಾಂವಲ್ಲೇನು?"

ವೀರಭದ್ರಯ್ಯ ಮೈಕನ್ನು ಹುಲುಗಣ್ಣನ ಬಾಯಿಗೆ ಹಿಡಿದರು. "ಎಲ್ಲಾರ ಮುಂದ ಹೇಳಿಬಿಡಪ್ಪ."

ಅವನು ಹೇಳಿಬಿಟ್ಟ. "ನಾನು ಕೊಟ್ಟೂರಾಂವಲ್ಲ, ಬೊಮ್ಮನಹಳ್ಳಿಯಾಂವಲ್ಲ, ಹಡಗಲಿಯಾಂವನೂ ಅಲ್ಲ. ಉಂಡಿದ್ದು ಖರೆ, ಆಡಿದ್ದೂ ಖರೆ. ಆದ್ರ ಮನಸು ಒಂದಿನಾನೂ ಅಲ್ಲಿರಲಿಲ್ಲ." ಮಾತು ನಾಲ್ಕೂ ಸ್ಪೀಕರಿನಿಂದ ಹೊರಟು ಊರ ತುಂಬ ಹರಡಿತು. ಮೌನೇಶ್ ಮುಖ ತಿರುಗಿಸಿ ಕುಳಿತ.

ಸಾಕ್ಷಿ ಬೇಕಲ್ಲ. ಕೂಡ್ಲಿಗಿ ತಂಡದ ಹರೆಯದವರನ್ನು ಕೇಳಿದರೆ, "ನಮಗ ಗೊತ್ತಿಲ್ರಿ" ಎಂದರು. ಆಗ ಮೈದಾನದ ಅಂಚಿನಲ್ಲಿ ಮಿರ್ಚಿ ಕರಿಯುತ್ತಿದ್ದ ಕೂಡ್ಲಿಗಿಯ ಮಾರೆಮ್ಮ ಜಾಲರಿ ಸೌಟು ಹಿಡಿದುಕೊಂಡೇ ಎದ್ದು ಬಂದಳು.

"ಇಂವ ನಮ್ಮ ಓಣಿ ಜಂಬಕ್ಕನ ಮಗ. ಸಣ್ಣಾಂವಿದ್ದಾಗ ಬಾಲು ಒದ್ದು ಎಣ್ಣಿ ಬಾಣಲಿಗೆ ಕೆಡವಿ, ನನ್ನ ಕೈ ಸುಟ್ಟಾನ" ಎಂದು ತೋಳಿನ ಕಲೆ ತೋರಿಸಿದಳು. "ಅವತ್ತ ಸಿಕ್ಕಿದ್ರ ಕಾಲು ಮುರೀತಿದ್ದೆ ಭಾಡ್ಯಾಂದು." ಕೂಡ್ಲಿಗಿಯಿಂದ ಬಂದಿದ್ದ ಹಿರಿಯರು ಮುಖ ಸಮೀಪ ತಂದು ನೋಡಿ, "ಹೌದ್ರಿ, ಜಂಬಕ್ಕನ ಮಗನ" ಎಂದರು.

"ಹುಲುಗಣ್ಣ ಕೂಡ್ಲಿಗಿಯಾಂವ ಅಂತ ಖಾತ್ರಿ ಆತು. ಆಡಬಹುದು" ಎಂದು ವೀರಭದ್ರಯ್ಯ ಸಾರಿದರು. ಹುಲುಗಣ್ಣ ಬೂಟಿನ ಲಾಡಿ ಕಟ್ಟಲು ಬಗ್ಗಿದ. ಬಹಳ ವರ್ಷಗಳ ಮೇಲೆ ಮಣಕಾಲು ನೋಯಲಿಲ್ಲ.

ತಲೆ ಎತ್ತಿದಾಗ ಎದುರಿಗೆ ಶಿವಯೋಗಪ್ಪ ನಿಂತಿದ್ದರು. ಮುಖ ಸಪ್ಪಗಾಗಿತ್ತು.

"ಖರೇನ ಕೂಡ್ಲಿಗಿಯಾಂವೇನು ನೀನು?"

"ಹೌದ್ರಿ."

"ಇವರು ಆಡಾಕ ಸುಳ್ಳು ಹೇಳಾಕತ್ತಾರ, ಶ್ಯಾಣ್ಯಾರದಾರ ಅಂತ ತಿಳಿದಿದ್ದೆ. ಹೊರಗಿನ ಪ್ಲೇಯರ್ ಅಂತ ಕರೆಸಿದ್ನೋ ಮಾರಾಯ. ನಮ್ಮೂರವ್ರ ಆಟ ನಾ ಕಾಣದ್ದೇನು? ನಮ್ಮೂರಾಂವನ್ನs ಇಳಿಸೋದಾದ್ರ ಇಪ್ಪತ್ತರ ಹರೇದವ್ರು ಕುಂತಾರ. ನಿನ್ನ ಮೂವತ್ತಾರರ ಮಣಕಾಲು ಕಟ್ಟಿಗೊಂಡು ಏನು ಮಾಡ್ಲಿ? ಅಂಗಿ ಬಿಚ್ಚು."

ಹುಲುಗಣ್ಣ ಅಂಗಿ ಬಿಚ್ಚಿ ಕೊಟ್ಟ. ಕುರ್ಚಿಯನ್ನೂ ಯಾರೋ ಎತ್ತಿಕೊಂಡು ಹೋಗಿದ್ದರು. ಬನಿಯನ್ನಿನಲ್ಲೇ ನೆಲದ ಮೇಲೆ ಕುಳಿತು ತನ್ನೂರಿನ ಆಟ ನೋಡಿದ. ಅವನ ಬದಲು ಡಿಫೆಂಡರಾಗಿ ಹಿಂದೆ ನಿಂತ ಹುಡುಗನಿಗೆ ಚೆಂಡು ಎತ್ತ ಹೋಗುತ್ತಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಬ್ರೆಜಿಲ್ ಗೋಲಿನ ಮೇಲೆ ಗೋಲು ಹೊಡೆಯಿತು. ಪ್ರತಿ ಗೋಲಿಗೂ ಶಿವಯೋಗಪ್ಪ ತಲೆ ಚಚ್ಚಿಕೊಂಡು, "ಹಿಂದ ಒಬ್ಬ ಹೊರಗಿನಾಂವ ಬೇಕಿತ್ತು" ಎನ್ನುತ್ತಿದ್ದರು.

ಆಟ ಮುಗಿದು ಕತ್ತಲಾಗತೊಡಗಿತು. ಹುಲುಗಣ್ಣ ಚೀಲ ಎತ್ತಿಕೊಂಡು ಹಡಗಲಿಯವರ ಜೀಪಿನ ಹತ್ತಿರ ಹೋದ. ಒಳಗೆ ಜಾಗವಿತ್ತು. ಮೌನೇಶ್ ಅವನನ್ನು ನೋಡಿ ಬಾಗಿಲು ಎಳೆದುಕೊಂಡ. ಮಾತಿನಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯೇ ಇತ್ತು.

"ನೀವು ಕೂಡ್ಲಿಗಿಯವ್ರಲ್ಲೇನ್ರಿ, ಹುಲುಗಣ್ಣಾರ? ನಿಮ್ಮೂರ ಟೆಂಪೊ ಆ ಕಡಿ ನಿಂತೈತಿ ನೋಡ್ರಿ."

ಜೀಪು ಹೊರಟಿತು. ಹುಲುಗಣ್ಣ ಆ ಕಡೆ ತಿರುಗಿ ನೋಡಿದ. ಕೂಡ್ಲಿಗಿಯ ಟೆಂಪೊ ಆಗಲೇ ಹೊರಟುಹೋಗಿತ್ತು.