ಕುಸಳಿ ಹುಲ್ಲು ಮತ್ತು ಗಡಹಿಂಗ್ಲಜದ ವರ

ನನ್ನ ನೆನಪು ನನ್ನದೇ ವಕೀಲ. ಯಾವ ಖಟ್ಲೆಯಲ್ಲೂ ನನ್ನನ್ನು ಸೋಲಗೊಡುವುದಿಲ್ಲ. ಆದ್ದರಿಂದ ನಾಚಿಕೆಯ ಸಂಗತಿಗಳನ್ನು ಅದು ತಿದ್ದುವ ಮೊದಲೇ ಬರೆದಿಡುವುದು ನನ್ನ ರೂಢಿ. ಇದು ಕಳೆದ ರವಿವಾರದ್ದು.

ಇಚಲಕರಂಜಿಯಲ್ಲಿ ನಳಕ್ಕೆ ಮನಸ್ಸು ಬಂದಾಗ ನೀರು ಬರುತ್ತದೆ. ಇಂಥ ಊರಲ್ಲಿ ಗುಲಾಬಿ ಹಚ್ಚುವುದು ಪಾಪವೆಂದು ಓಣಿಗೆಲ್ಲ ಭಾಷಣ ಮಾಡಿ, ಗುಡ್ಡದಿಂದ ಸೂಜಿ ಹುಲ್ಲು ತಂದು ಅಂಗಳದಲ್ಲಿ ಹಚ್ಚಿದ್ದೆ. ಇಲ್ಲಿಯವರು ಅದನ್ನೂ ಅದರ ಬೀಜವನ್ನೂ ಕುಸಳಿ ಅನ್ನುತ್ತಾರೆ. ಕಲ್ಲುನೆಲದ ಹುಲ್ಲು; ಮಳೆ ಮರೆತರೂ ಸಾಯುವುದಿಲ್ಲ. ದೀಪಾವಳಿಯ ಹೊತ್ತಿಗೆ ತಾಮ್ರದ ಬಣ್ಣಕ್ಕೆ ತಿರುಗಿ ಗಾಳಿಗೆ ತೂಗುವಾಗ ನನ್ನ ಎಂ.ಎ. ಪದವಿ ಸಾರ್ಥಕವಾಯಿತು ಅನ್ನಿಸಿತು. ಹೆಂಡತಿಗೆ ಹಾಗೇನೂ ಅನ್ನಿಸಲಿಲ್ಲ. "ಮಂದಿ ಎಮ್ಮಿ ತಂದ ಮ್ಯಾಲೆ ಮೇವು ಬೆಳೀತಾರ. ನಮ್ಮವ್ರದು ಉಲ್ಟಾ" ಅಂದಳು. ಹುಲ್ಲಿಗಿರುವುದು ಒಂದೇ ದುರ್ಗುಣ: ಅದರ ಬೀಜಕ್ಕೆ ಚೂಪು ಮೊನೆ, ಬಟ್ಟೆಗೆ ತಗುಲಿದರೆ ತಿರುಚುತ್ತ ತಿರುಚುತ್ತ ಚರ್ಮದವರೆಗೆ ಇಳಿಯುತ್ತದೆ. ಇದನ್ನು ನಾನು ಭಾಷಣದಲ್ಲಿ ಸೇರಿಸಿರಲಿಲ್ಲ.

ರವಿವಾರ ಮಗಳು ವಿದ್ಯಾಳನ್ನು ನೋಡಲು ಗಡಹಿಂಗ್ಲಜದಿಂದ ಹುಡುಗನೊಬ್ಬ ತಾಯಿಯೊಡನೆ ಬಂದ. ಸಭ್ಯ, ಓದಿದವ. ಒಳಗೆ ಕರೆಯುವ ಮೊದಲೇ ಅವನನ್ನು ಹುಲ್ಲಿನ ನಡುವೆ ಒಂದು ಸುತ್ತು ತಿರುಗಿಸಿದೆ. "ನೀರು ಬ್ಯಾಡ, ಗೊಬ್ಬರ ಬ್ಯಾಡ!" ಅಂದೆ. "ಹೌದ್ರಿ ಕಾಕಾರ, ಭಾಳ ಛಲೋ ಐತ್ರಿ" ಅಂದ.

ಕುರ್ಚಿಯ ಮೇಲೆ ಕೂತದ್ದೇ ಅವನ ಅವಸ್ಥೆ ಶುರುವಾಯಿತು. ಎಡಕ್ಕೆ ವಾಲಿದ, ಬಲಕ್ಕೆ ಸರಿದ, ಅವಲಕ್ಕಿಯ ತಾಟು ಹಿಡಿದೇ ಅರ್ಧ ಎದ್ದು ಮತ್ತೆ ಕೂತ. "ಏ, ನೆಟ್ಟಗ ಕೂಡೋ" ಎಂದು ತಾಯಿ ಪಿಸುದನಿಯಲ್ಲೇ ಗದರಿದಳು. ತುಟಿ ಕಚ್ಚಿಕೊಂಡವನು ಅವನೋ ನಾನೋ, ನೆನಪು ಈಗಾಗಲೇ ತಿದ್ದತೊಡಗಿದೆ. ಆದರೆ ಕಾರಣ ನನಗೆ ಗೊತ್ತಿತ್ತು: ಅವನ ಪ್ಯಾಂಟಿನ ತುಂಬ ನನ್ನ ತೋಟವಿತ್ತು. ಆ ಮಾತು ಹೇಳುವ ಬದಲು ನಾನು ಕೇಳಿದ್ದು, "ಫ್ಯಾನ್ ಹಚ್ಚಲೇನ್ರಿ?"

ಅವರು ಹೋದ ಮೇಲೆ ವಿದ್ಯಾ, "ಈ ಹುಡುಗ ಬ್ಯಾಡಪ್ಪಾ" ಅಂದಳು. ಒಳ್ಳೆಯ ಹುಡುಗನೊಬ್ಬ ನನ್ನ ಹುಲ್ಲಿನಿಂದಾಗಿ ನಪಾಸಾದನಲ್ಲ ಎಂದು ಒಳಗೊಳಗೇ ಕುಗ್ಗಿದೆ. ಬಾಯಿ ಮಾತ್ರ ಬಿಡಲಿಲ್ಲ. ಬುಧವಾರ ಹೆಂಡತಿ ಅವರಿಗೆ ಇಲ್ಲವೆನ್ನಲು ಫೋನ್ ಕೈಗೆತ್ತಿಕೊಂಡಾಗ, "ಅವಂದೇನ ತಪ್ಪಿಲ್ಲವ್ವಾ. ಕುಸಳಿ ಚುಚ್ಚಿದ್ವು" ಎಂದು ಮಗಳ ಮುಂದೆ ಹೇಗೋ ಉಸುರಿದೆ.

ವಿದ್ಯಾ ಮಗ್ಗದ ಕಾರ್ಖಾನೆಯಲ್ಲಿ ಬಟ್ಟೆಯ ದೋಷ ಹುಡುಕುವವಳು. ನಕ್ಕಳು. "ನನಗ ಕಾಣಲಿಲ್ಲಂತ ತಿಳದಿ ಏನಪ್ಪಾ? ಅಷ್ಟೊತ್ತು ಚುಚ್ಚಿಸ್ಕೊಂಡ ಕುಂತ, ಚುಚ್ಚಾಕತ್ತಾವು ಅಂತ ಒಂದ್ ಮಾತ ಬಾಯಿಂದ ಬರಲಿಲ್ಲ. ಅಂಥಾವರ ಒಬ್ರು ಮನ್ಯಾಗ ಅದಾರ, ಸಾಕು."

'ಯಾರವ್ವಾ?' ಎನ್ನಲು ಹೊರಟಾಗಲೇ ತೊಡೆಗೆ ಚುಚ್ಚಿತು. ಬೆಳಗಿನಿಂದ ನನ್ನ ಧೋತರದಲ್ಲೂ ಒಂದು ಕುಸಳಿ ಇತ್ತು. ಹೆಂಡತಿ ಎದುರಿಗೇ ಕೂತಿದ್ದಳು, ಕೀಳುವ ಧೈರ್ಯವಾಗಲಿಲ್ಲ.