ಎಲ್‌ಕೆಜಿ ಗೋಡೆಯ ಹೂಮರ

ನನಗೆ ಗೊತ್ತಿಲ್ಲದ ವಿಷಯಗಳಲ್ಲಿ ನಾನು ಅಂಥ ದೊಡ್ಡ ತಪ್ಪುಗಳನ್ನೇನೂ ಮಾಡಿದವನಲ್ಲ. ರೇಡಿಯೋ ಕೆಟ್ಟರೆ ಅದರ ಬೆನ್ನಿನ ಮುಚ್ಚಳ ತೆಗೆಯುವ ಸಾಹಸಕ್ಕೆ ಹೋಗುವುದಿಲ್ಲ. ಮದುವೆಮನೆಯಲ್ಲಿ ಅಡುಗೆಯವರ ಪಕ್ಕ ನಿಂತು ಸಾರಿಗೆ ಉಪ್ಪು ಸಾಲದು ಎನ್ನುವುದಿಲ್ಲ. ನನ್ನ ಬದುಕಿನ ಅನಾಹುತಗಳೆಲ್ಲ ನಡೆದಿರುವುದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯಗಳಲ್ಲೇ. ಅದರಲ್ಲೂ ರೇಷ್ಮೆಹುಳುವಿನ ವಿಷಯದಲ್ಲಿ ಆದದ್ದನ್ನು ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿಕೊಳ್ಳುವ ಅಗತ್ಯವೂ ಬೀಳಲಿಲ್ಲ, ಚಾಮರಾಜನಗರದ ಅರ್ಧ ಊರಿಗೆ ಅದು ಅವತ್ತೇ ಗೊತ್ತಾಗಿಹೋಗಿತ್ತು.

ತೊಂಬತ್ತರ ದಶಕದ ಶುರು. ನಮ್ಮೂರಿಗೆ ಇನ್ನೂ ಜಿಲ್ಲೆಯ ಪಟ್ಟ ಬಂದಿರಲಿಲ್ಲ. ನಾನು ರೇಷ್ಮೆ ಇಲಾಖೆಯಲ್ಲಿದ್ದೆ. ಮೊಪೆಡ್ ಹತ್ತಿ ಕುದೇರು, ಹರದನಹಳ್ಳಿ ಎಂದು ಸುತ್ತಿ, ಹುಳು ಸಾಕುವವರಿಗೆ ಹುಳು ಸಾಕುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸ. ಅವರು ಅಜ್ಜನ ಕಾಲದಿಂದ ಸಾಕುತ್ತಿದ್ದರು, ನಾನು ಆರು ತಿಂಗಳ ತರಬೇತಿಯಲ್ಲಿ ಓದಿಕೊಂಡಿದ್ದೆ. ಆದ್ದರಿಂದ ನಾನು ಹೇಳುತ್ತಿದ್ದೆ, ಅವರು ಪಾಪ ಕೇಳುತ್ತಿದ್ದರು.

ನಮ್ಮ ಮಗಳು ಸುಮಾ ಆಗ ಎಲ್‌ಕೆಜಿ. ಹೊಸದಾಗಿ ಶುರುವಾಗಿದ್ದ ಆ ಪುಟ್ಟ ಶಾಲೆಯಲ್ಲಿ ಅಪ್ಪ ಅಮ್ಮಂದಿರಿಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಮಗುವಿನ ಯೂನಿಫಾರ್ಮಿಗೆ ಪಿನ್ನು ಚುಚ್ಚಿ ಕಳಿಸುತ್ತಿದ್ದರು. ಹೋಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ಎದೆಯ ಮೇಲೆ ಬಂದ ಚೀಟಿಯಲ್ಲಿ, ಪ್ರತಿ ಮಗುವೂ ವಸಂತಕಾಲದ ಒಂದು ಹೂಮರ ಮಾಡಿ ತರಬೇಕು, ಗೋಡೆಗೆ ಹಾಕುತ್ತೇವೆ, ಮುಂದಿನ ವಾರ ಶನಿವಾರ ತಂದೆ ತಾಯಿ ಬಂದು ನೋಡಬೇಕು ಎಂದಿತ್ತು. ಜೊತೆಗೆ ಮಾದರಿಗೆಂದು ಒಂದು ಚಿತ್ರ. ಕರಿ ರೆಂಬೆ, ಎಲೆಯೇ ಇಲ್ಲದೆ ಮೈತುಂಬ ಗುಲಾಬಿ ಬಣ್ಣದ ಹೂವು. ಅಂಥ ಮರ ನಮ್ಮ ಕಡೆ ಎಲ್ಲೂ ಇಲ್ಲ. ಚಿತ್ರ ಕಳಿಸಿದ ಲಿಸ್ಸಿ ಮಿಸ್ ಬರುತ್ತಿದ್ದದ್ದು ಗುಂಡ್ಲುಪೇಟೆಯಿಂದ, ಬೆಳಗಿನ ಬಸ್ಸಿಗೆ. ಅವರ ತವರು ಅದಕ್ಕೂ ಆಚೆ, ಘಟ್ಟ ಇಳಿದರೆ. ದಾರಿಯುದ್ದಕ್ಕೂ ಅವರೂ ಆ ಮರವನ್ನು ಕಂಡಿರಲಾರರು.

ಸುಮಾ ಮಾತ್ರ ಚಿತ್ರದ ಕಡೆ ನೋಡಲೇ ಇಲ್ಲ. ನಮ್ಮ ಬೀದಿಯ ತುದಿಯಲ್ಲಿ ಒಂದು ಹೊಂಗೆಮರವಿದೆ. ಯುಗಾದಿಯ ಸುಮಾರಿಗೆ ಅದರ ಬುಡದಲ್ಲಿ ಹೂವು ಉದುರಿದ್ದನ್ನು ನೋಡಿದರೆ ಯಾರೋ ಪುರಿಯ ಮೂಟೆ ಒಡೆದು ಹೋದ ಹಾಗೆ ಕಾಣುತ್ತದೆ. ಅವಳು ಅಡುಗೆಮನೆಗೆ ಹೋಗಿ ಒಂದು ಹಿಡಿ ಪುರಿ, ಒಂದು ಬಟ್ಟಲು ಅನ್ನ ತಂದುಕೊಂಡು, ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಕಂದು ಬಣ್ಣದಲ್ಲಿ ಏನೋ ಗೀಚಿ, ಅನ್ನದ ಅಗುಳು ಹಿಸುಕಿ ಪುರಿ ಅಂಟಿಸತೊಡಗಿದಳು. ಮರದ ಮೇಲಕ್ಕಿಂತ ಅದರ ಬುಡದ ನೆಲದ ಮೇಲೇ ಜಾಸ್ತಿ ಅಂಟಿಸಿದಳು.

"ಅಪ್ಪಾ, ಇದನ್ನ ಗೋಡೆಗೆ ಹಾಕ್ತಾರೆ. ಕೆಳಗಡೆ ನನ್ನ ಹೆಸ್ರು ಬರೀತಾರೆ" ಎಂದಳು.

ನಾನು ನೋಡಿದೆ. ಒಬ್ಬ ಸರ್ಕಾರಿ ನೌಕರನ ಮಗಳ ಮರ ಹೀಗಿರಬಾರದು ಅನ್ನಿಸಿತು. "ಇದಕ್ಕೆ ಇರುವೆ ಬರುತ್ತೆ ಕಣಮ್ಮಿ. ಇಡೀ ಗೋಡೆಗೇ ಹತ್ಕೊಂಡ್ರೆ ಮಿಸ್ ಬೈತಾರೆ. ನಾನು ಚೆನ್ನಾಗಿರೋದು ಮಾಡ್ಕೊಡ್ತೀನಿ" ಎಂದೆ. ಅವಳು ಅಳಲಿಲ್ಲ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು. ನನ್ನ ಹೆಂಡತಿ, "ಮಗು ಮಾಡಿದ್ದನ್ನ ಕಳ್ಸಿದ್ರೆ ಏನಾಗ್ತಿತ್ತು ರೀ?" ಎಂದಳು. ಇರುವೆಯ ವಿಷಯವನ್ನು ಅವಳಿಗೂ ವಿವರಿಸಿದೆ.

ನನ್ನ ತಲೆಯಲ್ಲಿದ್ದ ಮರ ಬೇರೆ. ಇಲಾಖೆಯ ವಸ್ತುಪ್ರದರ್ಶನದಲ್ಲಿ ಒಮ್ಮೆ, ಚಿಟ್ಟೆ ಹೊರಟುಹೋದ ಖಾಲಿ ರೇಷ್ಮೆಗೂಡುಗಳನ್ನು ಕತ್ತರಿಸಿ ಹೂವು ಮಾಡಿಟ್ಟಿದ್ದನ್ನು ಕಂಡಿದ್ದೆ. ಕತ್ತರಿಸುವ ತಾಳ್ಮೆ ನನಗಿಲ್ಲ. ಇಡೀ ಗೂಡುಗಳನ್ನೇ ಮೊಗ್ಗುಗಳೆಂದು ಅಂಟಿಸಿದರೆ ಇನ್ನೂ ಚೆಂದ ಎಂದು ತೀರ್ಮಾನಿಸಿದೆ. ಮರುದಿನ ಕುದೇರಿನ ಮಾದಪ್ಪನ ಮನೆಗೆ ಹೋದಾಗ ಅವನು ಚಂದ್ರಿಕೆಯಿಂದ ಗೂಡು ಬಿಡಿಸುತ್ತ ಕೂತಿದ್ದ. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟೆಯಿಂದಲೇ ಎರಡು ಬೊಗಸೆ ತುಂಬಿ ಕೊಟ್ಟ.

"ಬಿಸ್ಲಲ್ಲಿ ಚೆನ್ನಾಗಿ ಒಣಾಕ್ಬುಡಿ ಸಾ. ಇಲ್ದಿದ್ರೆ ಚಿಟ್ಟೆ ಬಂದ್ಬುಡ್ತವೆ" ಎಂದ.

"ಅಲ್ಲಯ್ಯಾ ಮಾದಪ್ಪ, ನನಗೇ ಪಾಠ ಹೇಳ್ತೀಯಾ?" ಎಂದು ನಕ್ಕೆ. ಮಾದಪ್ಪನೂ ನಕ್ಕ. "ನಿಮ್ಗೆ ಗೊತ್ತಿಲ್ವಾ ಬುಡಿ ಸಾ" ಎಂದ.

ಗೊತ್ತಿತ್ತು. ಹಳ್ಳಿಹಳ್ಳಿಯಲ್ಲಿ ನಾನೇ ಹೇಳುತ್ತಿದ್ದ ಮಾತು ಅದು. ಆದರೆ ಕುಂಕುಮ ಕಲಸಿದ ನೀರಿನಲ್ಲಿ ಅದ್ದಿ ತೆಗೆದ ಮೇಲೆ ಗೂಡುಗಳಿಗೆ ಎಂಥ ಗುಲಾಬಿ ಬಣ್ಣ ಬಂದಿತೆಂದರೆ, ಬಿಸಿಲಿಗಿಟ್ಟರೆ ಎಲ್ಲಿ ಮಾಸಿಬಿಡುತ್ತದೋ ಎಂಬ ಚಿಂತೆಯಲ್ಲಿ ಚಿಟ್ಟೆಯ ನೆನಪೇ ಹಾರಿಹೋಯಿತು. ಜೋಪಾನವಾಗಿ ನೆರಳಲ್ಲಿ ಒಣಗಿಸಿದೆ. ಹಿಪ್ಪುನೇರಳೆ ಕಡ್ಡಿಯನ್ನು ರಟ್ಟಿಗೆ ಕಟ್ಟಿ, ಗೋಂದು ಹಚ್ಚಿ, ಒಂದೊಂದೇ ಮೊಗ್ಗು ಕೂರಿಸಿದೆ. ಸುಮಾ ಒಂದು ಕೂರಿಸಲು ಕೈ ಚಾಚಿದಾಗ, "ಒತ್ತಿದ್ರೆ ಚಪ್ಪಟೆ ಆಗುತ್ತೆ" ಎಂದೆ. ಸೋಮವಾರ ಮರವನ್ನು ನಾನೇ ಮೊಪೆಡ್ಡಿನಲ್ಲಿ ಕೊಂಡೊಯ್ದು ಕೊಟ್ಟೆ. ಲಿಸ್ಸಿ ಮಿಸ್ ಅದನ್ನು ಗೋಡೆಯ ನಡುಮಧ್ಯೆ ತೂಗುಹಾಕಿದರು. ಕೆಳಗೆ ದೊಡ್ಡ ಅಕ್ಷರದಲ್ಲಿ ಸುಮಾ ಎಂದು ಬರೆದರು.

ಶನಿವಾರ ಬೆಳಿಗ್ಗೆ ನಾವೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆವು. ಸುತ್ತ ನೋಡಿದರೆ ಗೋಡೆಯ ತುಂಬ ಅಪ್ಪಂದಿರ ಕೈಕೆಲಸವೇ. ಒಂದು ಮರಕ್ಕಂತೂ ಸಣ್ಣ ಬಲ್ಬು ಉರಿಯುತ್ತಿತ್ತು, ಆ ಮಗುವಿನ ಅಪ್ಪ ಲೈನ್‌ಮನ್. ನನ್ನದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಒಳಗೊಳಗೇ ಬೀಗುತ್ತಿರುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿರುಚಿದಳು.

"ಮಿಸ್! ಸುಮಾನ ಹೂವ ಅಲ್ಲಾಡ್ತಾದೆ!"

ಅಲ್ಲಾಡುತ್ತಿತ್ತು. ಒಂದು ಮೊಗ್ಗಿನ ತುದಿ ಒದ್ದೆಯಾಗಿ, ತೂತಾಗಿ, ಅದರಿಂದ ಒಂದು ತಲೆ ಹೊರಗೆ ಬಂತು. ಆಮೇಲೆ ಅದರ ಪಕ್ಕದ್ದು. ಅಷ್ಟರಲ್ಲಿ ಮೇಲಿನ ಎರಡು. ಹೊರಬಂದ ಚಿಟ್ಟೆಗಳು ರೆಕ್ಕೆ ಪಟಪಟ ಬಡಿಯುತ್ತ, ಹುಟ್ಟಿದೊಡನೆ ಮಾಡುವ ಕಂದು ಹೊಲಸನ್ನು ಕೆಳಗಿದ್ದ ಇನ್ನೊಂದು ಮಗುವಿನ ಹತ್ತಿಯ ಹೂಮರದ ಮೇಲೆ ಧಾರಾಳವಾಗಿ ಸುರಿಸಿದವು. ಮಕ್ಕಳೆಲ್ಲ ಗೋಡೆಗೆ ಮುತ್ತಿದರು. ಬಲ್ಬು ಉರಿಯುವ ಮರವನ್ನು ಕೇಳುವವರೇ ಇಲ್ಲ. ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ರೇಷ್ಮೆಚಿಟ್ಟೆಗೆ ಆಯಸ್ಸು ಕಡಿಮೆ, ಅದು ಕಾಲಹರಣ ಮಾಡುವುದಿಲ್ಲ. ಎರಡು ಚಿಟ್ಟೆಗಳು ಬಾಲಕ್ಕೆ ಬಾಲ ಸೇರಿಸಿ ನಿಂತುಬಿಟ್ಟವು.

"ಮಿಸ್, ಅವು ಏನ್ ಮಾಡ್ತಾವೆ?"

ಲಿಸ್ಸಿ ಮಿಸ್ ನನ್ನ ಕಡೆ ನೋಡಿದರು. "ಸಾರ್ ಅದೇ ಡಿಪಾರ್ಟ್‌ಮೆಂಟ್ ಅಲ್ವಾ, ಸಾರ್ ಹೇಳ್ತಾರೆ" ಎಂದರು.

ರೈತರ ಸಭೆಗಳಲ್ಲಿ ಈ ವಿಷಯದ ಬಗ್ಗೆ ಗಂಟೆಗಟ್ಟಲೆ ಮಾತಾಡಿದವನು ನಾನು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಜಗಳ ಆಡ್ತಾ ಇವೆ" ಎಂದೆ.

"ಬುಡ್ಸಿ ಅಂಕಲ್!" ಎಂದಿತು ಇಡೀ ಎಲ್‌ಕೆಜಿ.

ಮೊಟ್ಟೆ ಬೇಕಾದರೆ ಕೂಡಿದ ಜೋಡಿಯನ್ನು ಕನಿಷ್ಠ ಮೂರು ಗಂಟೆ ಬಿಡಿಸಬಾರದೆಂದು ನಮ್ಮ ಇಲಾಖೆಯಲ್ಲಿ ನಿಯಮವಿದೆ. ಅದನ್ನು ಅಲ್ಲಿ ಹೇಳುವಂತಿರಲಿಲ್ಲ. ರಟ್ಟು ಸಮೇತ ಮರವನ್ನು ಇಳಿಸಿಕೊಂಡು ಬಾಗಿಲ ಕಡೆ ಹೊರಟೆ. ಹಿಂದೆ ಲಿಸ್ಸಿ ಮಿಸ್, "ಸುಮಾ, ಇದು ನೀನು ಮಾಡಿದ್ದಾ?" ಎಂದು ಕೇಳುವುದು ಕೇಳಿಸಿತು.

"ಅಲ್ಲ ಮಿಸ್. ನಮ್ಮಪ್ಪ ಮಾಡಿದ್ದು. ನಂದು ಮನೇಲಿದೆ. ಇರುವೆ ಬರುತ್ತೆ ಅಂತ ತರಕ್ಕೆ ಬಿಡ್ಲಿಲ್ಲ."

ಅಪ್ಪಂದಿರೆಲ್ಲ ನಕ್ಕರು, ಲೈನ್‌ಮನ್ ಎಲ್ಲರಿಗಿಂತ ಜೋರಾಗಿ. ನನಗೆ ನಿಜವಾಗಿ ನಾಚಿಕೆಯಾದದ್ದು ಆ ನಗುವಿಗಲ್ಲ. ಗೋಡೆಯಲ್ಲಿ ನಡುಮಧ್ಯೆ ಖಾಲಿಯಾದ ಜಾಗ, ಅದರ ಕೆಳಗೆ ಅವಳ ಹೆಸರು, ಅದನ್ನೇ ನೋಡುತ್ತ ನಿಂತಿದ್ದ ಅವಳು. ಅದನ್ನು ನೋಡಲಾಗಲಿಲ್ಲ.

ಮೊಪೆಡ್ ಹತ್ತಿ ಮನೆಗೆ ಹೋದೆ. ಪುರಿಯ ಮರ ಟ್ರಂಕಿನ ಹಿಂದೆ, ಅವಳ ಹಳೆಯ ಫ್ರಾಕು ಹೊದ್ದುಕೊಂಡು ನಿಂತಿತ್ತು. ಹತ್ತು ದಿನವಾಗಿತ್ತು. ತಿರುಗಿಸಿ ಮುರುಗಿಸಿ ನೋಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದಾದರೂ ಇರುವೆ ಸಿಗಲಿ ಎಂದೇ ನೋಡಿದೆ. ಒಂದೂ ಇರಲಿಲ್ಲ. ಸಭೆ ಮುಗಿಯುವುದರೊಳಗೆ ಅದು ಗೋಡೆಯ ನಡುವೆ, ಅವಳ ಹೆಸರಿನ ಮೇಲೆ ಕೂತಿತು. ಲಿಸ್ಸಿ ಮಿಸ್ ಹತ್ತಿರ ಹೋಗಿ ನೋಡಿ, "ಅಯ್ಯೋ, ಇದು ಹೊಂಗೆ ಅಲ್ವಾ? ನಮ್ಮ ಬಸ್‌ಸ್ಟ್ಯಾಂಡ್ ಹತ್ರ ಇದೆ" ಎಂದರು. ನನ್ನ ಮರವನ್ನು ನೋಡಿ ಇದು ಇಂಥ ಮರ ಎಂದು ಯಾರೂ ಗುರುತಿಸಿರಲಿಲ್ಲ.

ಮಳೆಗಾಲ ಬಂತು. ಸುಮಾ ಯುಕೆಜಿಗೆ ಹೋದಳು. ಎದೆಯ ಮೇಲೆ ಮತ್ತೊಂದು ಚೀಟಿ ಬಂತು, ಈ ಸಲ ಕೊಡೆ ಮಾಡಬೇಕಂತೆ. ನಾನು ಪೇಪರು ಮಡಿಸಿಟ್ಟು ಹತ್ತಿರ ಹೋದೆ. ಅವಳು ನನ್ನನ್ನು ಒಮ್ಮೆ ನೋಡಿ, ಅನ್ನದ ಬಟ್ಟಲನ್ನು ನನ್ನ ಕೈಗಿಟ್ಟು, "ನೀನು ಇದನ್ನ ಹಿಡ್ಕೊಂಡಿರು ಸಾಕು" ಎಂದಳು. ಹಿಡಿದುಕೊಂಡು ಕೂತೆ. ಅವಳು ಅಂಟಿಸಿದ ಮಳೆಹನಿಗಳು ಕೊಡೆಯ ಒಳಗೂ ಬೀಳುತ್ತಿದ್ದವು, ನಾನು ಬಟ್ಟಲು ಬಿಡಲಿಲ್ಲ. ಅವಳು ನೀರು ಕುಡಿಯಲು ಎದ್ದು ಹೋದಾಗ ಮಾತ್ರ, ಕೊಡೆಯ ಹಿಡಿ ಸೊಟ್ಟಗಿದೆ ಅನ್ನಿಸಿ, ಚೂರೇ ಚೂರು ನೇರ ಮಾಡಿ, ಮತ್ತೆ ಬಟ್ಟಲು ಹಿಡಿದು ಸುಮ್ಮನೆ ಕೂತೆ.

ಅವಳು ಬಂದಳು. ನೋಡಿದಳು. ಹಿಡಿಯನ್ನು ಮತ್ತೆ ಸೊಟ್ಟಗೆ ಮಾಡಿ, ನನ್ನ ಕೈಯಿಂದ ಬಟ್ಟಲನ್ನೂ ಇಸಿದುಕೊಂಡಳು.