ಒಂದು ಮೊಟ್ಟೆಯ ಅರ್ಜಿ ಮತ್ತು ಹೆಚ್ಚುವರಿ ಮೊಟ್ಟೆಗಳ ವಿಲೇವಾರಿ

ವಸತಿ ಸಮುಚ್ಚಯ ನಿವಾಸಿಗಳ ಸಂಘ
ಇಟ್ಟಿಗೆಲೋಕ ಆಡಳಿತ ಉಪಸಮಿತಿ (ಕುಕ್ಕುಟ ಮತ್ತು ಮೊಟ್ಟೆ ವಿಭಾಗ)
ಕಚೇರಿ: ಪಂಪ್ ಕೋಣೆಯ ಪಕ್ಕ. ಆಟದೊಳಗಿನ ಕಚೇರಿ: ಕೋಳಿ ಶೆಡ್ಡಿನ ಎದುರು.

ಸಂಖ್ಯೆ: ಇಆಉ/ಮೊಟ್ಟೆ/ಹೆಚ್ಚುವರಿ/ಮತ್ತೂ ಹೆಚ್ಚುವರಿ/9

ಸುತ್ತೋಲೆ

ವಿಷಯ: ಇಟ್ಟಿಗೆಲೋಕದಲ್ಲಿ ಶೇಖರಣೆಯಾಗಿರುವ ಹೆಚ್ಚುವರಿ ಮೊಟ್ಟೆಗಳ ನಿರ್ವಹಣೆ ಹಾಗೂ ಒಂದು ಮೊಟ್ಟೆ ಬೇಕೆಂಬ ಬೇಡಿಕೆಯನ್ನು ತಿರಸ್ಕರಿಸಿರುವ ಕುರಿತು.

ಉಲ್ಲೇಖ: (1) ಇದೇ ವಿಷಯದ ಸುತ್ತೋಲೆ ಸಂಖ್ಯೆ 8, ಯಾರೂ ಓದದಿರುವುದು. (2) ನಾಲ್ಕನೇ ಮಹಡಿಯ ಬಾಲಕಿಯ ಅರ್ಜಿ. (3) ಸದರಿ ಬಾಲಕಿಯ ಅಜ್ಜಿ ಲಿಫ್ಟಿನ ಮುಂದೆ ನೀಡಿದ ಮೌಖಿಕ ಹೇಳಿಕೆ.

ಪ್ರಸ್ತಾವನೆ:

ಸಮುಚ್ಚಯದ ಮಕ್ಕಳು ಚೌಕ ಚೌಕ ಇಟ್ಟಿಗೆಗಳನ್ನು ಜೋಡಿಸಿ ಊರು ಕಟ್ಟುವ ವಿಡಿಯೋ ಗೇಮನ್ನು ಒಟ್ಟಾಗಿ ಆಡುತ್ತಿದ್ದು, ತಾವು ಕಟ್ಟಿದ ಇಟ್ಟಿಗೆಲೋಕವೆಂಬ ಊರು ಸದಾ ಚಾಲನೆಯಲ್ಲಿರಲೆಂದು ಸಂಘದ ಕಚೇರಿಯ ಹಳೆಯ ಕಂಪ್ಯೂಟರನ್ನು ಬಳಸಲು ಕಳೆದ ರಜೆಯಲ್ಲಿ ಅನುಮತಿ ಕೋರಿದ್ದರು. ಅನುಮತಿ ನೀಡಲಾಯಿತು. ಕಂಪ್ಯೂಟರ್ ಸಂಘದ್ದಾದ್ದರಿಂದ ಅದರೊಳಗಿನ ಊರೂ ಸಂಘದ್ದೇ ಎಂದು ಮುಂದಿನ ಸಭೆಯಲ್ಲಿ ತೀರ್ಮಾನವಾಗಿ, ಊರಿನ ಆಡಳಿತಕ್ಕೆ ಬಿಡುವಿರುವ ಹಿರಿಯರ ಉಪಸಮಿತಿಯನ್ನು ರಚಿಸಲಾಯಿತು. ಬಿಡುವು ಎಲ್ಲರಿಗೂ ಇತ್ತು.

ಉಪಸಮಿತಿಯು ಊರನ್ನು ಪರಿಶೀಲಿಸಿದಾಗ, ಮನೆಯಲ್ಲಿ ಚೂಟಿ ಎಂದು ಕರೆಯಲ್ಪಡುವ ನಾಲ್ಕನೇ ಮಹಡಿಯ ಬಾಲಕಿಯು ತನ್ನ ಆಟದ ಮನೆಯ ಅಂಗಳದಲ್ಲಿ ಎರಡು ಕೋಳಿಗಳನ್ನು ಯಾವುದೇ ಪರವಾನಗಿಯಿಲ್ಲದೆ ಸಾಕಿರುವುದು ಕಂಡುಬಂದಿತು. ವಿವರಣೆ ಕೇಳಲಾಗಿ, “ಅಜ್ಜಿಗೆ ಸಕ್ಕರೆ ಕಾಯಿಲೆ ಅಂಕಲ್, ನಿಜವಾದ ಕೇಕ್ ತಿನ್ನಂಗಿಲ್ಲ. ಅದಕ್ಕೆ ಅಜ್ಜಿ ಹುಟ್ಟಿದ ದಿನಕ್ಕೆ ಇಲ್ಲೇ ಒಂದು ಮಾಡ್ತೀನಿ. ಅಜ್ಜಿನೂ ಆಡ್ತಾರೆ. ಒಂದು ಕೇಕ್‌ಗೆ ಒಂದೇ ಮೊಟ್ಟೆ ಸಾಕು” ಎಂದು ತಿಳಿಸಿರುತ್ತಾಳೆ. ಕೋಳಿಗಳ ಹೆಸರು ಅತ್ತೆ ಮತ್ತು ಸೊಸೆ ಎಂದೂ, “ಒಂದಕ್ಕೊಂದು ಮುಖ ಕೊಡಲ್ಲ, ಆದ್ರೆ ಒಂದನ್ನ ಬಿಟ್ಟು ಇನ್ನೊಂದು ಇರಲ್ಲ” ಎಂಬ ಕಾರಣಕ್ಕೆ ಅಜ್ಜಿಯೇ ಆ ಹೆಸರಿಟ್ಟರೆಂದೂ ತಿಳಿದುಬಂದಿದೆ.

ಎರಡು ಕೋಳಿಗಳಿಂದ ಒಂದು ಕೇಕ್ ಎಂಬುದು ಅವೈಜ್ಞಾನಿಕ ಉತ್ಪಾದನಾ ಕ್ರಮವೆಂದು ಮನಗಂಡು, ಸದರಿ ಕೋಳಿಗಳನ್ನು ವಶಕ್ಕೆ ಪಡೆದು, ಶೆಡ್ ನಿರ್ಮಿಸಿ, ಸಂತತಿಯನ್ನು ವೃದ್ಧಿಪಡಿಸಿ, ಮೊಟ್ಟೆ ಬಿದ್ದೊಡನೆ ತಾನಾಗಿ ಒಳಗೆಳೆದುಕೊಳ್ಳುವ ಪೆಟ್ಟಿಗೆಗಳನ್ನು ಅವುಗಳ ಕೆಳಗೆ ಅಳವಡಿಸಲಾಯಿತು. ಯೋಜನೆ ಯಶಸ್ವಿಯಾಗಿದೆ. ಈಗ ಅದರಿಂದ ಪಾರಾಗುವ ಸಲುವಾಗಿ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಶೇಖರಣೆ: ಆಟದ ಪೆಟ್ಟಿಗೆಯ ಒಂದು ಖಾನೆಯಲ್ಲಿ ಕಲ್ಲಾದರೆ ಅರವತ್ತನಾಲ್ಕು ಹಿಡಿಯುತ್ತವೆ, ಮೊಟ್ಟೆಯಾದರೆ ಹದಿನಾರು ಮಾತ್ರ. ಇದನ್ನು ಮೊಟ್ಟೆಯ ಅಸಹಕಾರವೆಂದು ದಾಖಲಿಸಲಾಗಿದೆ. ಶೆಡ್ ಭರ್ತಿಯಾದ ಕಾರಣ ಮಕ್ಕಳು ಕಟ್ಟಿದ್ದ ಗ್ರಂಥಾಲಯ, ದೀಪಸ್ತಂಭ ಹಾಗೂ ಮರದ ಮೇಲಿನ ಮನೆಯನ್ನು ಮೊಟ್ಟೆಗಳ ಉಪಯೋಗಕ್ಕೆ ವಹಿಸಿಕೊಳ್ಳಲಾಗಿದೆ. ಗ್ರಂಥಾಲಯದಲ್ಲಿ ಪುಸ್ತಕಗಳು ಜಾಗ ಆಕ್ರಮಿಸಿಕೊಂಡಿದ್ದವು. ಆ ಆಕ್ರಮಣವನ್ನು ತೆರವುಗೊಳಿಸಲಾಗಿದೆ.

2. ತಾನಾಗಿ ಮಾಯವಾಗುವ ಮೊಟ್ಟೆಗಳು: “ಅಂಕಲ್, ಆ ಪೆಟ್ಟಿಗೆ ತೆಗೆದುಬಿಡಿ. ನೆಲದ ಮೇಲೆ ಬಿಟ್ರೆ ಐದು ನಿಮಿಷಕ್ಕೆ ಮೊಟ್ಟೆ ತಾನೇ ಮಾಯ ಆಗತ್ತೆ. ಆಟ ಇರೋದೇ ಹಂಗೆ” ಎಂದು ಬಾಲಕಿ ಚೂಟಿ ಸಭೆಯ ಮಧ್ಯೆ ಬಾಗಿಲಲ್ಲಿ ನಿಂತು ಹೇಳಿರುತ್ತಾಳೆ. ಉಪಸಮಿತಿಯು ಪ್ರಯೋಗ ನಡೆಸಿ, ಹೇಳಿಕೆ ಸತ್ಯವೆಂದು ಕಂಡು, ಆತಂಕಗೊಂಡಿದೆ. ಯಾರ ಆದೇಶವೂ ಇಲ್ಲದೆ ಒಂದು ವಸ್ತು ಮಾಯವಾಗುವುದು ದುರುಪಯೋಗವೆನಿಸುತ್ತದೆ. ಆದ್ದರಿಂದ ನೆಲದ ಮೇಲೆ ಕಂಡ ಪ್ರತಿ ಮೊಟ್ಟೆಯನ್ನೂ ಅದು ಮಾಯವಾಗುವ ಮೊದಲೇ ಎತ್ತಿ, ಹೆಚ್ಚುವರಿಯಲ್ಲಿ ಸೇರಿಸತಕ್ಕದ್ದು.

3. ಎಸೆಯುವಿಕೆ: “ಹೊಳೆಗೆ ಹಾಕಿದರೂ ಅಳೆದು ಹಾಕು” ಎಂಬುದು ಉಪಸಮಿತಿಯ ಧ್ಯೇಯವಾಕ್ಯವಾಗಿದೆ. ಅದರಂತೆ ಹೆಚ್ಚುವರಿ ಮೊಟ್ಟೆಗಳನ್ನು ಎಣಿಸಿ ಶೆಡ್ಡಿನ ಗೋಡೆಗೆ ಎಸೆದು ಒಡೆಯಲು ಹಿರಿಯರ ತಂಡವನ್ನು ನಿಯೋಜಿಸಲಾಗಿತ್ತು. ಎಸೆದ ಮೊಟ್ಟೆಗಳಲ್ಲಿ ಸರಾಸರಿ ಎಂಟಕ್ಕೊಂದು ಒಡೆಯುವ ಬದಲು ಕೋಳಿಮರಿಯಾಗಿ ಓಡಾಡತೊಡಗಿತು. ಮರಿ ಬೆಳೆದು ಮೊಟ್ಟೆಯಿಟ್ಟಿತು. ಆ ಮೊಟ್ಟೆಯನ್ನೂ ನಿಯಮಾನುಸಾರ ಎಸೆಯಲಾಯಿತು. ತಂಡವು ಈಗ ಹಿಂದಿಗಿಂತ ಹೆಚ್ಚು ಕಾರ್ಯನಿರತವಾಗಿದ್ದು, ಇದನ್ನು ಪ್ರಗತಿಯೆಂದು ಪರಿಗಣಿಸಲಾಗಿದೆ. ದೋಷ ಗೋಡೆಯದ್ದಿರಬಹುದೆಂಬ ಶಂಕೆಯ ಮೇರೆಗೆ ಇನ್ನುಮುಂದೆ ಎದುರು ಗೋಡೆಗೆ ಎಸೆಯಲು ಸೂಚಿಸಲಾಗಿದೆ.

4. ಅಂಕಿಅಂಶ: ಕೋಳಿಗಳ ಸಂಖ್ಯೆಯನ್ನು ತೋರಿಸುವ ರೇಖೆಯು ಮೇಲ್ಮುಖವಾಗಿದ್ದು, ಕಚೇರಿಯ ಗೋಡೆಯ ಮೇಲೆ ನೋಡಲು ಅಹಿತಕರವಾಗಿತ್ತು. ತೆಳುವಾದ ಆ ಹಾಳೆಯನ್ನು ಹಿಂಬದಿ ಮುಂದಾಗುವಂತೆ ತೂಗುಹಾಕಿದ ನಂತರ ಗಣನೀಯ ಇಳಿಕೆ ಕಂಡುಬಂದಿದೆ. ಸದಸ್ಯರು ಹಾಳೆಯನ್ನು ಮುಟ್ಟತಕ್ಕದ್ದಲ್ಲ.

5. ಕೋಳಿಗಳ ಸ್ಥಾನಮಾನ: ಕೋಳಿಗಳ ಸಂಖ್ಯೆಯನ್ನೇ ಕಡಿಮೆ ಮಾಡಬಾರದೇಕೆ ಎಂದು ಕೆಲವರು ಕೇಳಿರುತ್ತಾರೆ. ಸುತ್ತೋಲೆ ಸಂಖ್ಯೆ 8ರಲ್ಲಿ ಕೋಳಿಗಳನ್ನು ಸಂಘದ ಸ್ಥಿರಾಸ್ತಿಯೆಂದು ಘೋಷಿಸಲಾಗಿದೆ. ಸ್ಥಿರಾಸ್ತಿಯನ್ನು ಕೊಯ್ಯಲು ಅವಕಾಶವಿರುವುದಿಲ್ಲ. ಅದು ಓಡಾಡುತ್ತದೆಂಬ ಆಕ್ಷೇಪಣೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

6. ಹಾಲಿನವನ ವಿಷಯ: ಸದರಿ ಕಂಪ್ಯೂಟರಿನಲ್ಲಿಯೇ ಲಿಫ್ಟಿನ ಕ್ಯಾಮೆರಾ ಸಹ ನಡೆಯುತ್ತದೆ. ಕೋಳಿಗಳ ಭಾರದಿಂದ ಕಂಪ್ಯೂಟರ್ ನಿಧಾನವಾಗಿ, ಕ್ಯಾಮೆರಾದ ಚಿತ್ರ ನಿಂತುಹೋಗಿದೆ ಎಂಬುದು ಮಕ್ಕಳ ವಾದ. ಆದರೆ ಕಾವಲುಗಾರನು, “ಸಾರ್, ಮಂಗಳವಾರದಿಂದ ಹಾಲಿನೋನು ಲಿಫ್ಟಲ್ಲೇ ನಿಂತವ್ನೆ. ಇವತ್ತು ಬೆಳಿಗ್ಗೆ ನನ್ನ ಕೈಗೇ ಹಾಲು ಕೊಟ್ಟು ಹೋದ, ಆದ್ರೂ ಅಲ್ಲೇ ನಿಂತವ್ನೆ” ಎಂದು ವರದಿ ಮಾಡಿರುತ್ತಾನೆ. ಲಿಫ್ಟನ್ನು ಅನಧಿಕೃತವಾಗಿ ಆಕ್ರಮಿಸಿರುವ ಬಗ್ಗೆ ಹಾಲಿನವನಿಗೆ ನೋಟಿಸ್ ಜಾರಿ ಮಾಡಲಾಗಿದೆ. ಹಾಲು ನಿಂತಿದೆ.

7. ಒಂದು ಮೊಟ್ಟೆಯ ಅರ್ಜಿ: ಅಜ್ಜಿಯ ಹುಟ್ಟಿದ ದಿನ ಭಾನುವಾರವಿದ್ದು, ಕೇಕ್‌ಗಾಗಿ ಒಂದು ಮೊಟ್ಟೆ ಬೇಕೆಂದು ಬಾಲಕಿ ಚೂಟಿ ಅರ್ಜಿ ಸಲ್ಲಿಸಿದ್ದಳು. ಅರ್ಜಿಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ಈ ಕೆಳಗಿನ ಕಾರಣಗಳಿಗಾಗಿ ತಿರಸ್ಕರಿಸಲಾಗಿದೆ. ಉಪಸಮಿತಿಯ ಅಧ್ಯಕ್ಷರು ನಿವೃತ್ತ ಉಗ್ರಾಣಾಧಿಕಾರಿಗಳಾಗಿದ್ದು, ಉಗ್ರಾಣದ ಪದ್ಧತಿಯಂತೆ ಕನಿಷ್ಠ ವಿತರಣೆಯು ಒಂದು ಪೂರ್ಣ ಖಾನೆ, ಅಂದರೆ ಹದಿನಾರು ಮೊಟ್ಟೆ. ಒಂದನ್ನು ಬಳಸಿದವರು ಹದಿನೈದನ್ನು ಹಿಂದಿರುಗಿಸತಕ್ಕದ್ದು. ಹಿಂದಿರುಗಿಸಿದ ಮೊಟ್ಟೆ ಹೊಸ ಆವಕವೆನಿಸುತ್ತದೆ. ಆವಕ ಬಂದರೆ ಹೆಚ್ಚುವರಿ ಏರುತ್ತದೆ. ಹೆಚ್ಚುವರಿ ಏರುವ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಉಪಸಮಿತಿಯೇ ನಿರ್ಣಯಿಸಿದೆ. ಒಂದು ಮೊಟ್ಟೆ ಹೊರಗೆ ಹೋದರೆ ಮೊಟ್ಟೆ ಹೆಚ್ಚಾಗುತ್ತದೆಂಬುದು ಹೀಗೆ ಸಾಬೀತಾಗಿದೆ.

ಈ ಬಗ್ಗೆ ಅಜ್ಜಿಯವರು ಅಧ್ಯಕ್ಷರನ್ನು ಲಿಫ್ಟಿನ ಮುಂದೆ ತಡೆದು, “ನಿನ್ನ ಹತ್ರ ಮೊಟ್ಟೆ ಇಡೋಕೆ ಜಾಗ ಇಲ್ಲ, ನನ್ನ ಹತ್ರ ಮೊಟ್ಟೆ ಇಲ್ಲ. ಇದರಲ್ಲಿ ಕಷ್ಟ ಎಲ್ಲಿದೆಯಪ್ಪ? ಒಂದು ಮೊಟ್ಟೆ ಕೊಡೋಕೆ ಇಷ್ಟು ಜನಾನಾ? ನಾವು ಇಷ್ಟು ಜನದಲ್ಲಿ ಎರಡು ಮದುವೆ ಮುಗಿಸಿದ್ವಿ” ಎಂದು ಹೇಳಿರುತ್ತಾರೆ. ಧ್ಯೇಯವಾಕ್ಯವನ್ನು ಅವರ ಗಮನಕ್ಕೆ ತರಲಾಗಿ, “ಅಳೆದು ಹಾಕು ಅಂದ್ರು. ಅಳೀತಾ ಕೂತ್ಕೋ ಅನ್ಲಿಲ್ಲ” ಎಂದಿರುತ್ತಾರೆ. ಹೇಳಿಕೆಯು ನಿಗದಿತ ನಮೂನೆಯಲ್ಲಿ ಇಲ್ಲದ್ದರಿಂದ ಅದರಲ್ಲಿ ಅರ್ಥವಿದೆಯೇ ಎಂದು ಪರಿಶೀಲಿಸಲಾಗಿಲ್ಲ.

8. ಶಾಂತಿ: ಕಳೆದ ಶನಿವಾರದಿಂದ ಮಕ್ಕಳಿಂದ ಒಂದು ದೂರೂ ಬಂದಿಲ್ಲ. ಒಂದು ಮಗುವೂ ಊರಿನೊಳಗೆ ಕಂಡುಬಂದಿಲ್ಲ. ಈ ಎರಡು ಸಂಗತಿಗಳಲ್ಲಿ ಮೊದಲನೆಯದನ್ನು ಉಪಸಮಿತಿಯ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಸೇರಿಸಲಾಗುವುದು.

9. ಪರಾರಿ: ಅದೇ ದಿನ ಶೆಡ್ಡಿನಿಂದ ಅತ್ತೆ ಮತ್ತು ಸೊಸೆ ಎಂಬ ಎರಡು ಸ್ಥಿರಾಸ್ತಿಗಳು ಕಾಣೆಯಾಗಿವೆ. ನದಿಯ ದಡದವರೆಗೆ ಮಕ್ಕಳು ದಾರಿಯುದ್ದಕ್ಕೂ ದೀಪ ನೆಟ್ಟಿದ್ದು, ಆಚೆ ದಡದ ಗುಡ್ಡದ ಮೇಲೆ ಹೊಸ ಮನೆಗಳ ಸಾಲು ಕಾಣುತ್ತದೆ. ಕೋಳಿಗಳನ್ನು ಹಗ್ಗ ಕಟ್ಟಿ ದೋಣಿಯಲ್ಲಿ ಸಾಗಿಸಿರುವ ಸಾಧ್ಯತೆಯಿದೆ. ನದಿಯ ಆಚೆಗೆ ಉಪಸಮಿತಿಯ ವ್ಯಾಪ್ತಿ ಇದೆಯೇ ಎಂಬುದನ್ನು ಸಭೆಯಲ್ಲಿ ಚರ್ಚಿಸಿ, ಇದೆಯೆಂದು ತೀರ್ಮಾನಿಸಲಾಯಿತು. ಆದರೆ ಹೋಗಲಾಗಿಲ್ಲ. ಕಾರಣ ಮುಂದಿನ ಕಂಡಿಕೆಯಲ್ಲಿದೆ.

10. ಬಾಗಿಲಿನ ಕೇಕ್: ಭಾನುವಾರ ಸಂಜೆ ಉಪಸಮಿತಿಯು ಆಟದೊಳಗಿನ ಕಚೇರಿಯಲ್ಲಿ ತುರ್ತು ಸಭೆ ಸೇರಿದ್ದಾಗ, ಕಚೇರಿಯ ಏಕೈಕ ಬಾಗಿಲಿನ ಹೊರಗೆ, ಹೊಸ್ತಿಲಿಗೆ ತಾಗಿಕೊಂಡಂತೆ, ಒಂದು ಕೇಕ್ ಇಡಲಾಗಿದೆ. ಏಳು ತುಂಡುಗಳಲ್ಲಿ ಆರು ತಿಂದಿದ್ದು ಒಂದು ಉಳಿದಿದೆ. ಪಕ್ಕದಲ್ಲಿ ನೆಟ್ಟ ಹಲಗೆಯ ಮೇಲೆ, “ಅಂಕಲ್‌ಗಳಿಗೆ ಒಂದು ತುಂಡು ಇಟ್ಟಿದೀವಿ. ಮಿಕ್ಕಿದ್ದು ಅಜ್ಜಿ ಇಲ್ಲೇ ನಿಂತು ತಿಂದ್ರು. ತುಂಬಾ ಚೆನ್ನಾಗಿತ್ತಂತೆ” ಎಂದು ಬರೆದಿದೆ.

ಆಟದ ನಿಯಮದಂತೆ ಒಮ್ಮೆ ಇಟ್ಟ ಕೇಕನ್ನು ಎತ್ತಿಡಲು ಬರುವುದಿಲ್ಲ. ಒಡೆದರೆ ನಾಶವಾಗುತ್ತದೆ, ತಿಂದರೆ ಮುಗಿಯುತ್ತದೆ. ಕೋಳಿ ಸಂಘದ್ದಾದ್ದರಿಂದ ಮೊಟ್ಟೆ ಸಂಘದ್ದು, ಮೊಟ್ಟೆ ಸಂಘದ್ದಾದ್ದರಿಂದ ಕೇಕ್ ಸಂಘದ್ದು. ಆದಕಾರಣ ಸದರಿ ಕೇಕನ್ನು ಸಾಕ್ಷ್ಯವೆಂದು ಘೋಷಿಸಿ, ತನಿಖೆ ಮುಗಿಯುವವರೆಗೆ ಯಾರೂ ತಿನ್ನತಕ್ಕದ್ದಲ್ಲವೆಂದೂ, ಈಗಾಗಲೇ ತಿಂದಿರುವ ಆರು ತುಂಡುಗಳನ್ನು ಯಥಾಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದೆಂದೂ ಆದೇಶಿಸಲಾಗಿದೆ.

11. ಸದಸ್ಯರ ಸದ್ಯದ ಸ್ಥಿತಿ: ಕೇಕನ್ನು ದಾಟಿ ಹೊರಬರುವುದು ಸಾಕ್ಷ್ಯವನ್ನು ತುಳಿದಂತಾಗುವುದರಿಂದ ಸದಸ್ಯರು ಆಟದೊಳಗಿನ ಕಚೇರಿಯಲ್ಲೇ ಇರುತ್ತಾರೆ. ಆಟವನ್ನು ಮುಚ್ಚಿ ಮತ್ತೆ ತೆರೆದರೂ ಒಳಗೇ ಇರುತ್ತಾರೆ. ಗೋಡೆ ಒಡೆಯಲು ಕಾಮಗಾರಿ ಸದಸ್ಯರ ಅನುಮತಿ ಅಗತ್ಯ. ಅವರೂ ಒಳಗಿದ್ದು, ಗೋಡೆಯ ಹೊರಮುಖವನ್ನು ಖುದ್ದು ನೋಡದೆ ಅನುಮತಿ ನೀಡಲು ನಿರಾಕರಿಸಿರುತ್ತಾರೆ. ಅವರ ನಿಷ್ಠೆಯನ್ನು ಶ್ಲಾಘಿಸಲಾಗಿದೆ, ಸ್ವಲ್ಪ ಹೊತ್ತು.

ಪರದೆಯ ಕೆಳಗಿನ ಹಸಿವಿನ ಪಟ್ಟಿಯು ಎಲ್ಲ ಸದಸ್ಯರಿಗೂ ತಳ ಮುಟ್ಟಿರುತ್ತದೆ. ಕಚೇರಿಯ ನಾಲ್ಕೂ ಗೋಡೆಗೆ ಪೆಟ್ಟಿಗೆಗಳನ್ನು ಸೂರಿನವರೆಗೆ ಜೋಡಿಸಿದ್ದು, ಎಲ್ಲವೂ ಮೊಟ್ಟೆಗಳಿಂದ ತುಂಬಿವೆ. ಈ ಆಟದಲ್ಲಿ ಮೊಟ್ಟೆಯನ್ನು ಹಾಗೆಯೇ ತಿನ್ನಲು ಬರುವುದಿಲ್ಲವೆಂಬುದು ಈ ಸಂದರ್ಭದಲ್ಲಿ ಮೊದಲ ಬಾರಿಗೆ ಉಪಸಮಿತಿಯ ಗಮನಕ್ಕೆ ಬಂದಿದೆ. ಬೇಸರ ಕಳೆಯಲು ಒಬ್ಬ ಸದಸ್ಯರು ಒಳಗೇ ಕೆಲವು ಮೊಟ್ಟೆಗಳನ್ನು ಎಸೆದಿರುತ್ತಾರೆ. ಈಗ ಒಳಗೆ ನಿಲ್ಲಲು ಜಾಗ ಕಡಿಮೆಯಿದೆ.

12. ಮೇಲಿನ ಸೂಚನೆಗಳನ್ನು ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಪಾಲಿಸಲು ಊರಿನಲ್ಲಿ ಯಾರೂ ಇಲ್ಲದಿದ್ದಲ್ಲಿ, ಆ ಬಗ್ಗೆ ಲಿಖಿತ ವಿವರಣೆ ನೀಡತಕ್ಕದ್ದು.

ಸಹಿ/-
ಕಾರ್ಯದರ್ಶಿ (ನಿವೃತ್ತ, ಆದರೂ)
ಕುಕ್ಕುಟ ಮತ್ತು ಮೊಟ್ಟೆ ವಿಭಾಗ
(ಅಧ್ಯಕ್ಷರ ಆದೇಶಾನುಸಾರ, ಅವರು ಕೇಕನ್ನು ನೋಡುತ್ತಾ ನಿಂತಿರುವುದರಿಂದ)

ಪ್ರತಿಗಳು:

1. ಸೂಚನಾ ಫಲಕಕ್ಕೆ, ಸುತ್ತೋಲೆ ಸಂಖ್ಯೆ 8ರ ಮೇಲೆಯೇ ಅಂಟಿಸಲು.

2. ಹಾಲಿನವನಿಗೆ, ಲಿಫ್ಟಿನ ವಿಳಾಸಕ್ಕೆ.

3. ಕಾವಲುಗಾರನಿಗೆ, ಕ್ಯಾಮೆರಾದಲ್ಲಿ ಹಾಲಿನವನು ಪ್ರತಿಯನ್ನು ಸ್ವೀಕರಿಸಿದನೇ ಎಂದು ನೋಡಿ ತಿಳಿಸಲು.

4. ಸಮುಚ್ಚಯದ ಎಲ್ಲ ಮಕ್ಕಳಿಗೆ. ಇಟ್ಟಿಗೆಲೋಕದಲ್ಲಿ ಸ್ವೀಕರಿಸುವವರು ಯಾರೂ ಇಲ್ಲದಿರುವುದರಿಂದ, ಪ್ರತಿಯನ್ನು ಕೋಳಿಗಳಿಗೆ ಓದಿ ಹೇಳಲಾಗಿದೆ.

5. ಬಾಲಕಿ ಚೂಟಿಗೆ, ನದಿಯಾಚೆ. ಅರ್ಜಿಯನ್ನು ಹೊಸದಾಗಿ ಸಲ್ಲಿಸಿದಲ್ಲಿ ಹದಿನಾರರ ಬದಲು ಎಷ್ಟು ಬೇಕಾದರೂ ಮೊಟ್ಟೆ ಮಂಜೂರು ಮಾಡಲಾಗುವುದು.

6. ಅಜ್ಜಿಯವರಿಗೆ, ಖುದ್ದಾಗಿ ಬಂದು ಉಳಿದ ಒಂದು ತುಂಡನ್ನೂ ತಿಂದು ಬಾಗಿಲು ತೆರವು ಮಾಡಿಕೊಡಬೇಕೆಂಬ ಕೋರಿಕೆಯೊಂದಿಗೆ. (ಈ ಕೋರಿಕೆಯನ್ನು ಅಧ್ಯಕ್ಷರು ಇಂದು ಬೆಳಿಗ್ಗೆ ಲಿಫ್ಟಿನ ಮುಂದೆ ಮೌಖಿಕವಾಗಿ ಸಲ್ಲಿಸಿದಾಗ ಅಜ್ಜಿಯವರು, “ಬೇಡಪ್ಪ, ಆರು ತುಂಡು ಆಯ್ತಲ್ಲ. ಇನ್ನೂ ತಿಂದ್ರೆ ಸಕ್ಕರೆ ಜಾಸ್ತಿ ಆಗತ್ತೆ, ಡಾಕ್ಟರ್ ಬೈತಾರೆ” ಎಂದು ಹೇಳಿ ಮೇಲೆ ಹೋಗಿರುತ್ತಾರೆ.)